ಬ್ರಿಟನ್ ಒಕ್ಕೂಟ ಬಿಟ್ಟು ಏನು ಕಂಡಿತು? ನಾವು ಆರ್‌ಸಿಇಪಿಗೆ ಸೇರದೆ ಇದ್ದದ್ದು ಸರಿನಾ?

ಆಲೆಮನೆ, ಪಾಂಡವಪುರ

ನಿನ್ನೆ ಸಂಜೆ ಡೈರಿ ಮುಂದೆ ಒಂದು ವಾದ ಶುರುವಾಯಿತು. ಅಲ್ಲಿ ಮುಗಿಯಲಿಲ್ಲ, ಅದಕ್ಕೇ ಇಲ್ಲಿಗೆ ತಂದಿದ್ದೇನೆ.

ಆರ್‌ಸಿಇಪಿ ಅಂದರೆ ಏಷ್ಯಾ-ಪೆಸಿಫಿಕ್ ಕಡೆಯ ದೇಶಗಳು ಒಬ್ಬರಿಗೊಬ್ಬರು ಸುಂಕ ಇಳಿಸಿಕೊಳ್ಳುವ ವ್ಯಾಪಾರ ಒಪ್ಪಂದ. 2019ರಲ್ಲಿ ಅದು ಬೇಡ ಅಂತ ನಾನೂ ಧರಣಿಗೆ ಹೋಗಿದ್ದೆ. ನವೆಂಬರ್ 4ಕ್ಕೆ ಬ್ಯಾಂಕಾಕ್‌ನಲ್ಲಿ ಪ್ರಧಾನಿ ಮೋದಿ ಸೇರುವುದಿಲ್ಲ ಅಂದರು. ಆವತ್ತು ನಮ್ಮ ಬೀದಿಯಲ್ಲಿ ಮೈಸೂರು ಪಾಕ್ ಹಂಚಿದ್ದೆವು. ನಿನ್ನೆ ನನ್ನ ತಮ್ಮನ ಮಗ ಕ್ಯಾನ್ ಇಳಿಸುತ್ತಾ ಕೇಳಿದ. ಮೈಸೂರಲ್ಲಿ ಎಂ.ಕಾಂ. ಓದುತ್ತಿದ್ದಾನೆ. "ದೊಡ್ಡಪ್ಪ, ಬ್ರಿಟನ್‌ನವರು ಯುರೋಪಿನ ಒಕ್ಕೂಟ ಬಿಟ್ಟು ಕೈ ಸುಟ್ಟುಕೊಂಡರು ಅಂತ ಕ್ಲಾಸಲ್ಲಿ ಹೇಳುತ್ತಾರೆ. ಹಾಗಾದ್ರೆ ನಾವು ಬಿಟ್ಟು ಬಂದದ್ದು ಹೇಗೆ ಸರಿ?"

ಉತ್ತರ ಹೊಳೆಯಲಿಲ್ಲ. ಫ್ಯಾಟ್ ಎಷ್ಟು ಬಂತು ನೋಡು ಅಂತ ಮಾತು ಮರೆಸಿದೆ. ಗೊತ್ತಿರುವವರು ಹೇಳಿ. ಪಕ್ಷದ ಜಗಳ ಬೇಡ.

ಒಂಟಿಕೊಪ್ಪಲು ಮೇಷ್ಟ್ರು

ಮೊದಲು ಒಂದು ತಿದ್ದುಪಡಿ. ನಾವು ಆರ್‌ಸಿಇಪಿ ಬಿಟ್ಟು ಬರಲಿಲ್ಲ, ಒಳಗೇ ಹೋಗಲಿಲ್ಲ. 2012ರಿಂದ ಏಳು ವರ್ಷ ಬಾಗಿಲಲ್ಲಿ ನಿಂತು ಮಾತಾಡಿ ವಾಪಸ್ ಬಂದೆವು. ಆಗ್ನೇಯ ಏಷ್ಯಾದ ಆಸಿಯಾನ್ ಕೂಟದ ಹತ್ತು ದೇಶ, ಜೊತೆಗೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಈ 15 ದೇಶಗಳು ನಮ್ಮನ್ನು ಬಿಟ್ಟು 2020ರ ನವೆಂಬರ್ 15ರಂದು ಸಹಿ ಹಾಕಿದವು. 2022ರ ಜನವರಿಯಿಂದ ಒಪ್ಪಂದ ಜಾರಿಯಲ್ಲಿದೆ.

ಬ್ರಿಟನ್ ಕಥೆ ಬೇರೆ. 1973ರಲ್ಲಿ ಒಳಗೆ ಹೋದವರು ಅವರು. 1975ರಲ್ಲಿ ಇರೋಣವೋ ಬೇಡವೋ ಅಂತ ಒಮ್ಮೆ ಓಟು ಹಾಕಿ, ಶೇ. 67ರಷ್ಟು ಜನ ಇರೋಣ ಅಂದಿದ್ದರು. ನಲವತ್ತು ವರ್ಷದಲ್ಲಿ ಅವರ ಕಾರ್ಖಾನೆ, ಲಾರಿ, ಕಾನೂನು, ಔಷಧಿ ಪರವಾನಗಿ ಎಲ್ಲವೂ ಯುರೋಪಿಗೆ ಹೆಣೆದುಕೊಂಡವು. ಆಮೇಲೆ 2016ರ ಜೂನ್ 23ಕ್ಕೆ ಶೇ. 51.9ರಷ್ಟು ಜನ ಹೊರಡೋಣ ಅಂದರು. ಬ್ರೆಕ್ಸಿಟ್ ಅನ್ನುವುದು ಇದನ್ನೇ. ಹೆಣೆದದ್ದನ್ನು ಬಿಚ್ಚುವುದಕ್ಕೂ ಹೆಣೆಯದೆ ಇರುವುದಕ್ಕೂ ಖರ್ಚು ಒಂದೇ ಆಗುತ್ತಾ? ನಿಮ್ಮ ತಮ್ಮನ ಮಗನಿಗೆ ಇಷ್ಟು ಹೇಳಿದರೆ ಅರ್ಧ ಉತ್ತರ ಆಯಿತು.

ಇನ್ನರ್ಧ ಅಷ್ಟು ಸುಲಭ ಇಲ್ಲ. ಒಳಗೆ ಹೋಗದೆ ಇದ್ದದ್ದಕ್ಕೂ ಒಂದು ಬೆಲೆ ಇದೆ. ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಮದ್ದೂರು ವಡೆ

ಇದರಲ್ಲಿ ಅಂಥದ್ದೇನಿದೆ ಸ್ವಾಮಿ. ಕೂಡು ಕುಟುಂಬದಿಂದ ಒಬ್ಬ ಭಾಗ ಕೇಳಿ ಆಚೆ ಬಂದ. ಈಗ ಒಲೆ ಹಚ್ಚೋಕೆ ಸೌದೆ ಇಲ್ಲ. ಕಥೆ ಮುಗೀತು.

ಬಂಡಿಪಾಳ್ಯ ಲಾರಿ

ವಡೆ ಅವರೇ, ಆ ಮನೆ ಭಾಗದ ಹೋಲಿಕೆ ಟಿವಿಯವರು ಹೇಳಿ ಹೇಳಿ ಸವೆದಿದೆ. ನನ್ನ ಲೈನಿನಲ್ಲಿ ಹೇಳುತ್ತೇನೆ ಕೇಳಿ.

ಇಪ್ಪತ್ತೆರಡು ವರ್ಷದಿಂದ ಎಪಿಎಂಸಿಯಿಂದ ಕೇರಳಕ್ಕೆ ತರಕಾರಿ ಹೊಡೆಯುತ್ತಿದ್ದೇನೆ. 2017ರ ಜುಲೈಗೆ ಮುಂಚೆ ಗಡಿ ಚೆಕ್‌ಪೋಸ್ಟ್‌ನಲ್ಲಿ ನಿಲ್ಲಬೇಕಿತ್ತು. ಜಿಎಸ್‌ಟಿ ಬಂದ ಮೇಲೆ ಆ ತೆರಿಗೆ ಚೆಕ್‌ಪೋಸ್ಟ್ ಹೋಯಿತು. ಒಕ್ಕೂಟ ಅಂದರೆ ನನಗೆ ಅರ್ಥ ಆಗಿದ್ದು ಆವತ್ತು. ಬ್ರಿಟನ್‌ನವರು ಮಾಡಿಕೊಂಡಿದ್ದು ಇದರ ಉಲ್ಟಾ. ಇಲ್ಲದ ಚೆಕ್‌ಪೋಸ್ಟನ್ನು ತಾವೇ ಹಾಕಿಸಿಕೊಂಡರು.

ಬ್ರಿಟನ್-ಯುರೋಪಿನ ನಡುವೆ ಈಗಲೂ ಸುಂಕ ಇಲ್ಲವಲ್ಲ, ಮತ್ತೇನು ತೊಂದರೆ ಅಂತ ಕೆಲವರು ಕೇಳುತ್ತಾರೆ. ಬಂಡೀಪುರದ ಗೇಟು ನೋಡಿ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಬಂದ್. ಅಲ್ಲಿ ನನಗೆ ಯಾರೂ ಸುಂಕ ಕೇಳಲ್ಲ. ಆದರೆ ಗುಂಡ್ಲುಪೇಟೆಯಲ್ಲಿ ಟೊಮೆಟೊ ಲೋಡ್ ಆಗುವುದು ಇಪ್ಪತ್ತು ನಿಮಿಷ ತಡವಾದರೆ ಗೇಟಿನಲ್ಲಿ ಒಂದು ರಾತ್ರಿ ಮಲಗಬೇಕು. ಕೆಳಗಿನ ಕ್ರೇಟು ಬೆಳಗಾಗುವಷ್ಟರಲ್ಲಿ ಬೆವರುತ್ತೆ, ಅಡಿಯಲ್ಲಿ ನೀರು ಸೋರಲು ಶುರುವಾಗುತ್ತೆ. ಕಲ್ಪೆಟ್ಟದ ಮಂಡಿಯವನು ಒಂದು ಕ್ರೇಟು ಅಮುಕಿ ನೋಡಿ ಇಡೀ ಲೋಡಿಗೆ ರೇಟು ಇಳಿಸುತ್ತಾನೆ. ಬೇಕಾದರೆ ಕೊಡು, ಇಲ್ಲದಿದ್ದರೆ ವಾಪಸ್ ತಗೊಂಡು ಹೋಗು ಅಂತಾನೆ. ಎಲ್ಲಿಗೆ ತಗೊಂಡು ಹೋಗಲಿ? (ಗೇಟು ಬೇಡ ಅಂತ ನಾನು ಹೇಳುತ್ತಿಲ್ಲ. ಆನೆಗೂ ರಾತ್ರಿ ಬೇಕು.)

ತಡ ಆಗುವುದೂ ಒಂದು ಸುಂಕವೇ. ಆ ದುಡ್ಡು ಮಾತ್ರ ಯಾವ ಸರ್ಕಾರದ ಖಜಾನೆಗೂ ಹೋಗಲ್ಲ.

ಕೋವೆಂಟ್ರಿ ಹೈದ

ಲಾರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ಊರು ಕೆ.ಆರ್. ಪೇಟೆ. 2011ರಿಂದ ಇಂಗ್ಲೆಂಡಿನಲ್ಲಿದ್ದೇನೆ. ಆಹಾರ ಪದಾರ್ಥ ತರಿಸುವ, ಕಳಿಸುವ ಒಂದು ಗೋದಾಮಿನಲ್ಲಿ ಕೆಲಸ.

ಮೊದಲು ಒಂದು ತಪ್ಪೊಪ್ಪಿಗೆ. 2016ರ ಆ ಮತದಾನದಲ್ಲಿ ನಾನೂ ಓಟು ಹಾಕಿದ್ದೆ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ. ನಂಬಲ್ಲ ಅಲ್ವಾ? ಕಾಮನ್‌ವೆಲ್ತ್ ದೇಶದವರು ಅಲ್ಲಿ ವಾಸ ಇದ್ದರೆ ಓಟು ಇತ್ತು. ನನ್ನ ಪಕ್ಕದ ಟೇಬಲ್ಲಿನ ಪೋಲೆಂಡ್‌ನವನಿಗೆ ಇರಲಿಲ್ಲ. ನಾನು ಹಾಕಿದ್ದು ಹೊರಡೋಣ ಅಂತಲೇ. ಅವನು ಬಸ್ ಟಿಕೆಟ್ ತಗೊಂಡು ಬಂದು ಕೆಲಸಕ್ಕೆ ಸೇರಬಹುದು, ನಾನು ವೀಸಾಗೆ ವರ್ಷ ಕಾಯಬೇಕು. ಇದು ಯಾವ ನ್ಯಾಯ ಅಂತ ಸಿಟ್ಟಿತ್ತು. ನಮ್ಮ ಕಡೆಯ ಅಡುಗೆ ಮಾಡುವ 'ಕರಿ' ಹೋಟೆಲಿನವರಿಗೂ ಹೊರಡೋಣ ಅನ್ನುವ ಪ್ರಚಾರದವರು ಅದೇ ಆಸೆ ತೋರಿಸಿದ್ದರು, ಅಡುಗೆಯವರಿಗೆ ವೀಸಾ ಸುಲಭ ಆಗುತ್ತೆ ಅಂತ. ಅವರ ಪ್ರಚಾರದ ಕೆಂಪು ಬಸ್ಸಿನ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಉಳಿಯುತ್ತೆ ಅಂತ ಬರೆದದ್ದನ್ನು ನಾನು ನಂಬಿರಲಿಲ್ಲ. ವೀಸಾದ ಮಾತು ನಂಬಿದ್ದೆ.

ಮಾರನೇ ದಿನವೇ ಪೆಟ್ಟು ಬಿತ್ತು. 100 ರೂಪಾಯಿ ಹತ್ತಿರ ಇದ್ದ ಪೌಂಡು 90ರ ಆಸುಪಾಸಿಗೆ ಜಾರಿತು. ಊರಲ್ಲಿ ಅಪ್ಪ ಬೋರ್‌ವೆಲ್ ಕೊರೆಸುತ್ತಿದ್ದರು. ಕಳಿಸಿದ್ದು ಸಾಲಲಿಲ್ಲ. ಅಡಿ ಲೆಕ್ಕದಲ್ಲಿ ಕೇಳಿದರು, ಎಷ್ಟು ಅಡಿ ಕಮ್ಮಿ ಆಯಿತು ನಿನ್ನ ಓಟಿಂದ ಅಂತ.

ನಿಜವಾದ ಕಷ್ಟ 2021ರ ಜನವರಿಯಲ್ಲಿ ಬಂತು. 2020ರ ಡಿಸೆಂಬರ್ 24ರಂದು ಯುರೋಪಿನ ಜೊತೆ ಒಪ್ಪಂದ ಆಗಿತ್ತು. ಸುಂಕ ಸೊನ್ನೆ, ಇಷ್ಟೇ ಮಾಲು ಅನ್ನುವ ಕೋಟಾ ಮಿತಿಯೂ ಇಲ್ಲ. ಪತ್ರಿಕೆಯಲ್ಲಿ ದೊಡ್ಡ ಹೆಡ್ಡಿಂಗ್. ಆದರೆ ಸೊನ್ನೆ ಸುಂಕ ಸಿಗಬೇಕಾದರೆ ವಸ್ತು ಎಲ್ಲಿ ತಯಾರಾಯಿತು ಅಂತ ತೋರಿಸಬೇಕು. ಕಸ್ಟಮ್ಸ್ ಘೋಷಣೆ ಬೇಕು. ಚೀಸ್, ಮಾಂಸ, ಮೀನು ಆದರೆ ಪಶುವೈದ್ಯರ ಸಹಿ ಇರುವ ಆರೋಗ್ಯ ಪತ್ರ ಬೇಕು. ನಮ್ಮ ಒಂದು ಲಾರಿಯಲ್ಲಿ ಹದಿನಾಲ್ಕು ಸಣ್ಣ ಕಂಪನಿಗಳ ಮಾಲು ಇರುತ್ತಿತ್ತು. ಒಬ್ಬ ಚೀಸ್‌ನವನ ಪತ್ರದಲ್ಲಿ ಒಂದು ಪುಟಕ್ಕೆ ಮುದ್ರೆ ಬಿದ್ದಿರಲಿಲ್ಲ. ಉಳಿದ ಹದಿಮೂರು ಜನರ ಮಾಲೂ ಬಂದರಿನಲ್ಲಿ ಎರಡು ದಿನ ನಿಂತಿತು. ಆಮೇಲೆ ನಾವು ಸಣ್ಣವರ ಮಾಲು ಹಾಕಿಕೊಳ್ಳುವುದನ್ನೇ ನಿಲ್ಲಿಸಿದೆವು. ದೊಡ್ಡವರು ಪೇಪರ್ ಕೆಲಸಕ್ಕೆ ಆಳು ಇಟ್ಟುಕೊಂಡರು. ಆ ಚೀಸ್‌ನವನು ಯುರೋಪಿಗೆ ಕಳಿಸುವುದನ್ನೇ ಬಿಟ್ಟ. ಅದೇ ತಿಂಗಳು ಸ್ಕಾಟ್‌ಲೆಂಡಿನ ಮೀನಿನವರು ಲಾರಿಗಳನ್ನು ತಂದು ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಯಲ್ಲಿ ನಿಲ್ಲಿಸಿದ್ದರು. ಹಾಲೆಂಡಿನ ಬಂದರಿನಲ್ಲಿ ಡ್ರೈವರ್‌ಗಳ ಬುತ್ತಿಯಲ್ಲಿದ್ದ ಸ್ಯಾಂಡ್‌ವಿಚ್ಚನ್ನೂ ಕಿತ್ತುಕೊಂಡರು, ಒಳಗೆ ಮಾಂಸ ಇದೆ ಅಂತ.

ತಮಾಷೆ ಏನಂದ್ರೆ, ಯುರೋಪಿನವರು ಮೊದಲ ದಿನದಿಂದ ತಪಾಸಣೆ ಶುರು ಮಾಡಿದರು. ಬ್ರಿಟನ್ ತನ್ನ ಕಡೆಯ ಆಹಾರ ತಪಾಸಣೆಯನ್ನು ಮುಂದೂಡುತ್ತಾ ಮುಂದೂಡುತ್ತಾ 2024ಕ್ಕೆ ತಂದಿತು. ಅಂಗಡಿಯಲ್ಲಿ ಬೆಲೆ ಏರುತ್ತೆ ಅನ್ನುವ ಭಯ.

ಬಂಡಿಪಾಳ್ಯ ಲಾರಿ

2021ರಲ್ಲಿ ಅಲ್ಲಿ ಲಾರಿ ಡ್ರೈವರ್‌ಗಳೇ ಸಿಗದೆ ಪೆಟ್ರೋಲ್ ಬಂಕ್ ಮುಂದೆ ಕ್ಯೂ ನಿಂತಿದ್ದರಂತೆ, ಹೌದಾ? ನನ್ನ ಕ್ಲೀನರ್ ಆವಾಗ ಇಂಗ್ಲಿಷ್ ಕಲಿಯೋಕೆ ಶುರು ಮಾಡಿದ್ದ.

ಕೋವೆಂಟ್ರಿ ಹೈದ

ಹೌದು ಅಣ್ಣ. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ 5,000 ಡ್ರೈವರ್‌ಗಳಿಗೆ ತಾತ್ಕಾಲಿಕ ವೀಸಾ ಅಂತ ಪ್ರಕಟಿಸಿತು. ಕೆಲವೇ ತಿಂಗಳಿಗೆ ಯಾರು ಬರುತ್ತಾರೆ? ಪೂರ್ತಿ ತಪ್ಪು ಬ್ರೆಕ್ಸಿಟ್‌ದಲ್ಲ, ಕೋವಿಡ್‌ದೂ ಇತ್ತು.

ನಂಜನಗೂಡು ಶಿಫ್ಟ್

ಎಲ್ಲರೂ ಬ್ರಿಟನ್‌ಗೆ ಬೈಯುತ್ತಿದ್ದೀರಿ. ನಮ್ಮ ಮನೆ ಕಡೆ ನೋಡೋಣ. ನಾನು ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಬಿಡಿಭಾಗ ಮಾಡುವ ಕಂಪನಿಯಲ್ಲಿದ್ದೇನೆ. ಆರ್‌ಸಿಇಪಿ ಬೇಡ ಅಂದದ್ದಕ್ಕೆ ದೊಡ್ಡ ಕಾರಣ ಚೀನಾ ಮಾಲು ತುಂಬಿಬಿಡುತ್ತೆ ಅಂತ ಅಲ್ವಾ? 2018-19ರಲ್ಲಿ ಚೀನಾ ಜೊತೆ ನಮ್ಮ ವ್ಯಾಪಾರ ಕೊರತೆ ಸುಮಾರು 53 ಬಿಲಿಯನ್ ಡಾಲರ್ ಇತ್ತು. 2024-25ಕ್ಕೆ 99 ಬಿಲಿಯನ್ ಆಯಿತು. ಸಹಿ ಹಾಕದೆಯೇ ಹೆಚ್ಚುಕಡಿಮೆ ಎರಡರಷ್ಟು! ಬಾಗಿಲು ಹಾಕಿದ್ದೇವೆ ಅಂದುಕೊಂಡಿದ್ದೇವೆ, ಮಾಲು ಹಿತ್ತಲಿಂದ ಬರುತ್ತಲೇ ಇದೆ.

ಆ ಕಡೆ ವಿಯೆಟ್ನಾಂನವನು ಚೀನಾದ ಭಾಗ, ಕೊರಿಯಾದ ಭಾಗ, ಜಪಾನಿನ ಭಾಗ ಎಲ್ಲ ಸೇರಿಸಿ ಒಂದೇ ನಿಯಮದಲ್ಲಿ 15 ದೇಶಕ್ಕೆ ಮಾರುತ್ತಾನೆ. ನಾವು ಒಂದೊಂದು ದೇಶಕ್ಕೆ ಒಂದೊಂದು ಫಾರಂ. ನಮ್ಮ ಕಂಪನಿಗೆ ಒಂದು ಆರ್ಡರ್ ಹೀಗೇ ಕೈತಪ್ಪಿತು. ಮೇಷ್ಟ್ರು ಹೇಳಿದ ಕಾಣದ ಬೆಲೆ ಇದೇ. ಬರದೆ ಇದ್ದ ಕೆಲಸಕ್ಕೆ ಯಾರೂ ಧರಣಿ ಕೂರಲ್ಲ.

ಹಾಲಿನ ಅಕ್ಕ, ನಾಗಮಂಗಲ

ಶಿಫ್ಟ್ ಅವರೇ, ಕಂಪನಿಯ ಲೆಕ್ಕ ಸರಿ ಇರಬಹುದು. ನಾನು ಮಹಿಳಾ ಹಾಲು ಸಂಘದಲ್ಲಿ ಪುಸ್ತಕ ಬರೆಯುವವಳು. ನಮ್ಮಲ್ಲಿ ಹಾಲು ಹಾಕುವವರಲ್ಲಿ ಜಾಸ್ತಿ ಜನಕ್ಕೆ ಒಂದು ಇಲ್ಲವೇ ಎರಡು ಹಸು. ನ್ಯೂಜಿಲೆಂಡ್‌ನಲ್ಲಿ ಸರಾಸರಿ ಒಂದು ಫಾರಂಗೆ 400ಕ್ಕೂ ಹೆಚ್ಚು ಹಸು. ಕರೆದ ಹಾಲಿನಲ್ಲಿ ಸುಮಾರು ಶೇ. 95ರಷ್ಟು ಹೊರದೇಶಕ್ಕೇ ಹೋಗುತ್ತೆ. ಅವರ ಜನಸಂಖ್ಯೆ ಬೆಂಗಳೂರಿನ ಅರ್ಧ ಇಲ್ಲ, ಅವರೇ ಎಷ್ಟು ಕುಡಿದಾರು?

ಅವರ ಹಾಲು ಪ್ಯಾಕೆಟ್ ನಾಗಮಂಗಲಕ್ಕೆ ಬರಲ್ಲ, ಅದು ಗೊತ್ತು. ಬರುವುದು ಪುಡಿ. ಮಳೆಗಾಲ ಕಳೆದು ಮೇವು ಚೆನ್ನಾಗಿ ಆದಾಗ ನಮ್ಮಲ್ಲಿ ಹಾಲು ಉಕ್ಕುತ್ತೆ. ಪ್ಯಾಕೆಟ್‌ಗೆ ಹೋಗಿ ಮಿಕ್ಕಿದ್ದನ್ನು ನಮ್ಮ ಹಾಲು ಒಕ್ಕೂಟ ಪುಡಿ ಮಾಡುತ್ತೆ. ಹೊರಗಿನ ಅಗ್ಗದ ಪುಡಿ ಬಂದು ನಮ್ಮ ಪುಡಿ ಮಾರಾಟ ಆಗದೆ ಗೋದಾಮಿನಲ್ಲಿ ಕೂತರೆ ಒಕ್ಕೂಟದ ಕೈಯಲ್ಲಿ ಕಾಸು ಇರಲ್ಲ. ಆಮೇಲೆ ಒಂದು ಸುತ್ತೋಲೆ ಬರುತ್ತೆ, ಇಂಥ ತಾರೀಖಿನಿಂದ ಲೀಟರಿಗೆ ಇಷ್ಟು ಕಡಿತ. ಆ ಸುತ್ತೋಲೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವವಳು ನಾನು. ಒಬ್ಬೊಬ್ಬರೂ ಕ್ಯಾನ್ ಇಟ್ಟು ಓದುತ್ತಾರೆ. ಯಾರೂ ಜೋರಾಗಿ ಮಾತಾಡಲ್ಲ. ಓದೋಕೆ ಬಾರದವರು "ಎಷ್ಟವ್ವಾ?" ಅಂತಾರೆ ಅಷ್ಟೇ.

ಈಗ ಪುಡಿಗೆ ಶೇ. 60 ಆಮದು ಸುಂಕ ಇದೆ, ಅದೊಂದು ಒಡ್ಡು. ಒಡ್ಡು ಒಡೆಯೋಕೆ ಕೆರೆ ಪೂರ್ತಿ ತುಂಬಬೇಕಿಲ್ಲ.

ನಂಜನಗೂಡು ಶಿಫ್ಟ್

ಅಕ್ಕ, ಒಪ್ಪಿದೆ. ಆದರೂ ಒಂದು ಮಾತು. ನ್ಯೂಜಿಲೆಂಡ್‌ನ ಇಡೀ ಉತ್ಪಾದನೆ ಸುಮಾರು 2.1 ಕೋಟಿ ಟನ್. ನಮ್ಮದು ಆಗಲೇ 18 ಕೋಟಿ ಟನ್ ದಾಟಿತ್ತು. ಹಾಲನ್ನು ಪಟ್ಟಿಯಿಂದ ಹೊರಗಿಟ್ಟು ಉಳಿದದ್ದಕ್ಕೆ ಸೇರಬಹುದಿತ್ತಲ್ಲ? 2022ರ ಡಿಸೆಂಬರ್‌ನಲ್ಲಿ ಜಾರಿಯಾದ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಹಾಗೇ ಮಾಡಿದ್ದಾರೆ. ಹಾಲು ಹೊರಗೆ. ಅವರು ಒಪ್ಪಿಕೊಂಡರು.

ಹಾಲಿನ ಅಕ್ಕ, ನಾಗಮಂಗಲ

ಇಬ್ಬರೇ ಕೂತಾಗ ಒಪ್ಪುತ್ತಾರೆ. ಹದಿನಾರು ಜನ ಕೂತಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ?

ರೇಷ್ಮೆಗೂಡು, ಮಳವಳ್ಳಿ

ಸೇರಿದರೆ ಮಾತ್ರ ಅಪಾಯ ಅಂದುಕೊಂಡವರಿಗೆ ನಮ್ಮ ರೇಷ್ಮೆ ಕಥೆ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಒಂದೇ ಏಟಿಗೆ 5ಕ್ಕೆ ಇಳಿಸಿದರು. ಯಾವ ಒಕ್ಕೂಟವೂ ಇಲ್ಲ, ಯಾವ ಬ್ಯಾಂಕಾಕೂ ಇಲ್ಲ. ದೆಹಲಿಯಲ್ಲಿ ಒಂದು ಸಾಲು ಬದಲಾಯಿತು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಕುಸಿಯಿತು. ನಾವು ಹಿಪ್ಪುನೇರಳೆ ಕಿತ್ತು ಕಬ್ಬು ಹಾಕಿದೆವು. ಆಮೇಲೆ 2013ರಲ್ಲಿ 15 ಮಾಡಿದರು, ಮತ್ತೆ 10ಕ್ಕೆ ಇಳಿಸಿದರು, 2021ರಲ್ಲಿ ಮತ್ತೆ 15. ಕಿತ್ತ ಗಿಡ ಅಷ್ಟು ಬೇಗ ಸೊಪ್ಪು ಕೊಡುತ್ತಾ?

ಆದರೆ ನೇಯುವವರ ಮಾತೂ ಕೇಳಬೇಕು. ಅವರಿಗೆ ಅಗ್ಗದ ಚೀನಾ ನೂಲು ಬೇಕು, ನೇಯ್ಗೆ ಸಲೀಸು ಅಂತಾರೆ. ಒಂದೇ ಸೀರೆಯ ಎರಡು ತುದಿಯಲ್ಲಿ ನಾವಿಬ್ಬರೂ. ಸುಂಕ ಏರಿದರೆ ಅವರು ಅಳುತ್ತಾರೆ, ಇಳಿದರೆ ನಾವು.

ಕೊಡಗಿನವರನ್ನೂ ಕೇಳಿ ನೋಡಿ. ಶ್ರೀಲಂಕಾ ಮಾಲಿಗೆ ಸುಂಕ ಕಮ್ಮಿ ಮಾಡಿದ ಒಪ್ಪಂದ 2000ದಿಂದ ಜಾರಿಯಲ್ಲಿದೆ. ವಿಯೆಟ್ನಾಂ ಮೆಣಸು ಕೊಲಂಬೋ ಚೀಲ ಹಾಕಿಕೊಂಡು ಬರುತ್ತೆ ಅಂತ ವರ್ಷಗಟ್ಟಲೆ ಕೂಗಿದರು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿಗಿಂತ ಕಮ್ಮಿ ಬೆಲೆಗೆ ಆಮದು ಮಾಡಬಾರದು ಅಂತ ಆಯಿತು.

ಆಲೆಮನೆ, ಪಾಂಡವಪುರ

ಹಾಲು ಆಯಿತು, ರೇಷ್ಮೆ ಆಯಿತು. ಮಂಡ್ಯದವರು ಮಾತಾಡುವ ಕಡೆ ಕಬ್ಬು ಬರದೆ ಇದ್ದರೆ ಹೇಗೆ? ಬ್ರೆಕ್ಸಿಟ್‌ಗೂ ಸಕ್ಕರೆಗೂ ಏನಾದರೂ ಉಂಟಾ ಮೇಷ್ಟ್ರೇ?

ಒಂಟಿಕೊಪ್ಪಲು ಮೇಷ್ಟ್ರು

ಉಂಟು ಮಾರಾಯರೇ, ಚೆನ್ನಾಗೇ ಉಂಟು. ಯುರೋಪಿನ ಸಕ್ಕರೆ ಹೆಚ್ಚಾಗಿ ಬೀಟ್ ಗೆಡ್ಡೆಯದು. ನಮ್ಮ ಬೀಟ್‌ರೂಟಿನ ದಾಯಾದಿ, ಬಿಳಿ ಗೆಡ್ಡೆ. ಆ ರೈತರನ್ನು ಕಾಯಲು ಒಕ್ಕೂಟ ಹೊರಗಿನ ಕಬ್ಬಿನ ಸಕ್ಕರೆಗೆ ಭಾರಿ ಸುಂಕ ಹಾಕಿತ್ತು. ಲಂಡನ್‌ನಲ್ಲಿ ಥೇಮ್ಸ್ ದಡದ ಮೇಲೆ ಟೇಟ್ ಅಂಡ್ ಲೈಲ್ ಅವರ ಹಳೆಯ ಕಬ್ಬಿನ ಸಕ್ಕರೆ ಶುದ್ಧೀಕರಣ ಘಟಕ ಇದೆ. ಅವರಿಗೆ ಹೊರಗಿಂದ ಕಚ್ಚಾ ಸಕ್ಕರೆ ಬೇಕು. ಅದಕ್ಕೇ ಅವರು ಬ್ರೆಕ್ಸಿಟ್ ಬೇಕು ಅಂತ ಬಹಿರಂಗವಾಗಿ ನಿಂತರು. ಒಕ್ಕೂಟ ಬಿಟ್ಟ ಮೇಲೆ ಬ್ರಿಟನ್ ವರ್ಷಕ್ಕೆ 2.6 ಲಕ್ಷ ಟನ್ ಕಚ್ಚಾ ಕಬ್ಬಿನ ಸಕ್ಕರೆಗೆ ಸುಂಕ ಇಲ್ಲ ಅಂತ ಬಾಗಿಲು ತೆರೆಯಿತು. ಬ್ರಿಟನ್ನಿನ ಬೀಟ್ ರೈತರು ಬಾಯಿ ಬಡಿದುಕೊಂಡರು. ದೇಶಕ್ಕೆ ಲಾಭವೋ ನಷ್ಟವೋ ಅಂತ ಕೇಳಿದರೆ ನನಗೆ ನಗು ಬರುವುದು ಇದಕ್ಕೇ. ಒಂದೇ ಸಕ್ಕರೆಯಲ್ಲಿ ಒಬ್ಬ ಗೆದ್ದ, ಒಬ್ಬ ಸೋತ.

ನಮಗೂ ಒಂದು ಚೂರು ತಗುಲಿತು. ಯುರೋಪಿಗೆ ರಿಯಾಯಿತಿ ಸುಂಕದಲ್ಲಿ ಕಳಿಸಲು ನಮಗೆ 10,000 ಟನ್ ಕಚ್ಚಾ ಸಕ್ಕರೆಯ ಕೋಟಾ ಇತ್ತು. ಬ್ರಿಟನ್ ಹೊರಬಂದಾಗ ಕೋಟಾಗಳೂ ಪಾಲಾದವು. ಯುರೋಪಿನ ಪಾಲಿಗೆ 5,841 ಟನ್ ಉಳಿಯಿತು. ಹೊರಟವರು ಅವರು, ಚೀಲ ಎಣಿಸಿ ಪಾಲಾದದ್ದು ನಮ್ಮ ಸಕ್ಕರೆ.

ಮದ್ದೂರು ವಡೆ

ನೋಡಿ, ಕೊನೆಗೆ ಮೇಷ್ಟ್ರೂ ಪಾಲು ಅಂದರು. ನನ್ನ ಹೋಲಿಕೆ ಸವೆದಿದ್ದರೂ ಓಡುತ್ತೆ.

ರಾಜಕೀಯದ ಕಥೆ ಯಾಕೆ ಯಾರೂ ಎತ್ತಲಿಲ್ಲ? ಕ್ಯಾಮರಾನ್, ಮೇ, ಜಾನ್ಸನ್, ಟ್ರಸ್, ಸುನಕ್. ಆರು ವರ್ಷದಲ್ಲಿ ಐದು ಪ್ರಧಾನಿ. ನಮ್ಮ ವಿಧಾನಸೌಧವೇ ವಾಸಿ ಅನ್ನಿಸಿತು.

ಕೋವೆಂಟ್ರಿ ಹೈದ

ಎಲ್ಲರೂ ಬ್ರೆಕ್ಸಿಟ್‌ನಿಂದಲೇ ಹೋದವರಲ್ಲ, ಆದರೆ ಬೆಂಕಿ ಹತ್ತಿದ್ದು ಅಲ್ಲಿಂದಲೇ. 2019ರ ಜನವರಿಯಲ್ಲಿ ತೆರೆಸಾ ಮೇ ತಂದ ಒಪ್ಪಂದ 230 ಮತಗಳಿಂದ ಬಿದ್ದಿತು. ಅವರ ಪಕ್ಷದವರೇ ಬೀಳಿಸಿದ್ದು. ಹೊರಡೋಣ ಅಂದವರಲ್ಲೇ ಎಷ್ಟು ದೂರ ಹೊರಡೋಣ ಅಂತ ಒಮ್ಮತ ಇರಲಿಲ್ಲ. ಚೀಟಿಯಲ್ಲಿ ಎರಡೇ ಆಯ್ಕೆ ಇತ್ತು, ಮನಸ್ಸಿನಲ್ಲಿ ಹತ್ತು ಇದ್ದವು.

ಉತ್ತರ ಐರ್ಲೆಂಡ್ ಇನ್ನೊಂದು ಗಂಟು. ಅದು ಬ್ರಿಟನ್ನಿಗೆ ಸೇರಿದ್ದು, ಪಕ್ಕದ ಐರ್ಲೆಂಡ್ ದೇಶ ಒಕ್ಕೂಟದಲ್ಲೇ ಇದೆ. ಅಲ್ಲಿ ಭೂಮಿಯ ಮೇಲೆ ಗಡಿ ಬೇಲಿ ಹಾಕಿದರೆ ದಶಕಗಳ ರಕ್ತಪಾತದ ಹಳೇ ಗಾಯ ಕೆರೆದಂತೆ. ಹಾಗಾಗಿ ತಪಾಸಣೆಯನ್ನು ಸಮುದ್ರಕ್ಕೆ ತಳ್ಳಿದರು. ಈಗ ಸ್ವಂತ ದೇಶದೊಳಗೇ ಮಾಲು ಕಳಿಸಲು ಪತ್ರ ಬೇಕು. 2023ರಲ್ಲಿ ವಿಂಡ್ಸರ್ ಒಪ್ಪಂದ ಮಾಡಿ ಸ್ವಲ್ಪ ಸಡಿಲ ಮಾಡಿದರು. ಸ್ಕಾಟ್‌ಲೆಂಡಿನಲ್ಲಿ ಶೇ. 62ರಷ್ಟು ಜನ ಇರೋಣ ಅಂದಿದ್ದರು, ಆ ಮುನಿಸು ಇನ್ನೂ ಹೋಗಿಲ್ಲ.

ನನ್ನ ಓಟಿನ ವಿಷಯಕ್ಕೆ ಬರುತ್ತೇನೆ. ಒಂದು ಲೆಕ್ಕದಲ್ಲಿ ಗೆದ್ದೆ. ಯುರೋಪಿನವರು ಕಮ್ಮಿಯಾದರು, ನಮ್ಮವರು ಬಂದರು. ನರ್ಸ್‌ಗಳು, ಓದುವ ಮಕ್ಕಳು, ವೃದ್ಧರ ಆರೈಕೆಗೆ ಬಂದವರು. ನನ್ನ ಬೀದಿಯಲ್ಲೇ ಈಗ ಮೂರು ಮನೆಯಲ್ಲಿ ಕನ್ನಡ. ಆದರೆ ಹೊರಡೋಣ ಅಂದವರು ವಲಸೆ ಕಮ್ಮಿ ಆಗಲಿ ಅಂತ ಓಟು ಹಾಕಿದ್ದರು, ನಿವ್ವಳ ವಲಸೆ ದಾಖಲೆ ಮಟ್ಟಕ್ಕೆ ಏರಿತು. ಆ ಸಿಟ್ಟು ಈಗ ನಮ್ಮ ಮೇಲೇ ತಿರುಗಿದೆ. 2024ರ ಏಪ್ರಿಲ್‌ನಲ್ಲಿ ಕೆಲಸದ ವೀಸಾಗೆ ಸಂಬಳದ ಮಿತಿಯನ್ನು 38,700 ಪೌಂಡ್‌ಗೆ ಏರಿಸಿದರು. 2025ರ ಜುಲೈನಲ್ಲಿ ಆರೈಕೆ ಕೆಲಸಕ್ಕೆ ಹೊರದೇಶದಿಂದ ಕರೆಸುವುದನ್ನೇ ನಿಲ್ಲಿಸಿದರು. ಆ ಪೋಲೆಂಡ್‌ನವನು ವಾಪಸ್ ಹೋದ. ಹೋಗುವ ದಿನ ನನಗೆ ತನ್ನ ಸೈಕಲ್ ಕೊಟ್ಟ. ನಾನು ಹೇಗೆ ಓಟು ಹಾಕಿದ್ದೆ ಅಂತ ಅವನಿಗೆ ಇವತ್ತಿಗೂ ಹೇಳಿಲ್ಲ.

ಒಂಟಿಕೊಪ್ಪಲು ಮೇಷ್ಟ್ರು

ಅಲ್ಲಿನ ಸರ್ಕಾರದ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಕಚೇರಿಯ ಅಂದಾಜಿನಂತೆ, ಒಕ್ಕೂಟದಲ್ಲೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಉತ್ಪಾದಕತೆ, ಅಂದರೆ ಅಷ್ಟೇ ದುಡಿಮೆಗೆ ಬರುವ ಉತ್ಪತ್ತಿ, ದೀರ್ಘಕಾಲದಲ್ಲಿ ಶೇ. 4ರಷ್ಟು ಕಮ್ಮಿ. ಆಕಾಶ ಬೀಳಲಿಲ್ಲ. ಟೈರಿಗೆ ಮೊಳೆ ಚುಚ್ಚಿ ಸಣ್ಣಗೆ ಗಾಳಿ ಹೋಗುವ ಹಾಗೆ. ಲಾರಿಯವರಿಗೆ ಗೊತ್ತು, ಇಂಥ ಪಂಕ್ಚರ್ ಜಾಸ್ತಿ ಸತಾಯಿಸುತ್ತೆ.

ಇನ್ನೊಂದು ಗಮನಿಸಿ. ಒಂದು ದೊಡ್ಡ ಒಕ್ಕೂಟ ಬಿಟ್ಟವರು ಬೇರೆ ಕಡೆ ಒಪ್ಪಂದ ತೋರಿಸಬೇಕು ಅನ್ನುವ ಆತುರದಲ್ಲಿರುತ್ತಾರೆ. ಬ್ರಿಟನ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಮಾಡಿಕೊಂಡಿತು. 2023ರ ಮೇ ಕೊನೆಗೆ ಜಾರಿ. ಕುರಿ, ದನ ಸಾಕುವ ಬ್ರಿಟಿಷ್ ರೈತರು ನಮ್ಮನ್ನು ಮಾರಿಬಿಟ್ಟರು ಅಂದರು. ಅಂದರೆ ಅಕ್ಕ, ನಿಮ್ಮ ನ್ಯೂಜಿಲೆಂಡ್ ಭಯ ವೇಲ್ಸ್‌ನ ಕುರಿಯವನಿಗೂ ಇದೆ.

ನಮ್ಮ ಜೊತೆಗಿನ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿತ್ತು. ಸ್ಕಾಚ್ ವಿಸ್ಕಿಯ ಮೇಲಿನ ಶೇ. 150 ಸುಂಕ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯುತ್ತೆ. ನಮ್ಮ ಸಿದ್ಧ ಉಡುಪಿಗೆ ಅಲ್ಲಿ ಸುಂಕ ಸೊನ್ನೆ. ಹಾಲಿನ ಉತ್ಪನ್ನ ಹೊರಗೆ. ಮದ್ದೂರು, ಶ್ರೀರಂಗಪಟ್ಟಣದ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದು ದೊಡ್ಡ ವಿಷಯ, ಬಾಂಗ್ಲಾದೇಶಕ್ಕೆ ಮೊದಲಿಂದಲೂ ಅಲ್ಲಿ ಸೊನ್ನೆ ಇತ್ತು. ಯುರೋಪಿನ ಒಳಗಿದ್ದಿದ್ದರೆ ಬ್ರಿಟನ್ ನಮ್ಮ ಜೊತೆ ಇದನ್ನು ಒಂಟಿಯಾಗಿ ಮಾಡಲು ಆಗುತ್ತಿರಲಿಲ್ಲ.

ಹಾಲಿನ ಅಕ್ಕ, ನಾಗಮಂಗಲ

ಸುಂಕ ಸೊನ್ನೆ ಆದರೆ ಆ ಹೆಣ್ಣುಮಕ್ಕಳ ಕೂಲಿ ಏರುತ್ತಾ ಮೇಷ್ಟ್ರೇ? ನನ್ನ ತಂಗಿ ಹನ್ನೊಂದು ವರ್ಷದಿಂದ ಕಾಲರ್ ಹೊಲಿಯುತ್ತಿದ್ದಾಳೆ. ಆರ್ಡರ್ ಜಾಸ್ತಿ ಆದಾಗ ಗಂಟೆಗೆ ಮುಗಿಸಬೇಕಾದ ಪೀಸ್ ಜಾಸ್ತಿ ಆಗಿದ್ದು ಮಾತ್ರ ಅವಳಿಗೆ ಗೊತ್ತು.

ಒಂಟಿಕೊಪ್ಪಲು ಮೇಷ್ಟ್ರು

ಅದನ್ನು ಒಪ್ಪಂದ ಬರೆದುಕೊಡುವುದಿಲ್ಲ ತಾಯಿ. ಆರ್ಡರ್ ಬರುವಂತೆ ಮಾಡುತ್ತೆ, ಅಷ್ಟೇ. ಕೂಲಿ ಇಲ್ಲೇ ಕೇಳಬೇಕು.

ಆಲೆಮನೆ, ಪಾಂಡವಪುರ

ತಮ್ಮನ ಮಗನಿಗೆ ಮೊಬೈಲ್ ಕೊಟ್ಟು ಎಲ್ಲ ಓದಿಸಿದೆ. ಓದಿ, "ದೊಡ್ಡಪ್ಪ, 2019ರಲ್ಲಿ ನೀವು ಆ ಕರಡು ಓದಿದ್ದಿರಾ?" ಅಂದ. ಇಲ್ಲಪ್ಪ, ಯಾರೂ ತೋರಿಸಿರಲಿಲ್ಲ ಅಂದೆ. ಬ್ರಿಟನ್ ಜೊತೆಗಿನ ಒಪ್ಪಂದವಾದರೂ ಅಂತರ್ಜಾಲದಲ್ಲಿ ಪೂರ್ತಿ ಇದೆ, ನೋಡೋಣ ಬನ್ನಿ ಅಂತ ಕೂತಿದ್ದಾನೆ. ನೂರಾರು ಪುಟ, ಬರೀ ನಂಬರು. ನಮ್ಮ ಅಚ್ಚು ಬೆಲ್ಲ ಇದರಲ್ಲಿ ಎಲ್ಲಿದೆ ಮೇಷ್ಟ್ರೇ?

ಒಂಟಿಕೊಪ್ಪಲು ಮೇಷ್ಟ್ರು

1701 ಅಂತ ಹುಡುಕಿ. ಸಕ್ಕರೆಯ ಸಾಲಿನಲ್ಲೇ ಬೆಲ್ಲವನ್ನೂ ಕೂರಿಸಿದ್ದಾರೆ.

ಆಲೆಮನೆ, ಪಾಂಡವಪುರ

ಫ್ಯಾಕ್ಟರಿ ಸಕ್ಕರೆ ಜೊತೆಗಾ? ಇದೊಳ್ಳೆ ಚೆನ್ನಾಗಿದೆ. ಡೈರಿ ಹೊತ್ತಾಯಿತು, ಹಾಲು ಹಾಕಿ ಬಂದು ಆ ಸಾಲು ಓದುತ್ತೇವೆ.